ಹೊಸದರಲ್ಲಿ ಎತ್ತೆತ್ತಿ ಒಗೆದವಳು

ಪಿಎಫ್ ಪಾಸ್‌ಬುಕ್ಕನ್ನು ಆನ್‌ಲೈನಿನಲ್ಲಿ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಮೆಂಬರ್ ಐಡಿಗಳ ಪಟ್ಟಿ. ಕಂಪನಿಗೊಂದು ಐಡಿ. ನಮ್ಮ ಯಜಮಾನರ ಖಾತೆಯಲ್ಲಿ ಎರಡಿವೆ, ನನ್ನದರಲ್ಲಿ 7. ಪಿಎಫ್ ಕಟ್ಟದ ಎರಡು ಕಡೆಯದನ್ನೂ ಸೇರಿಸಿದರೆ 14 ವರ್ಷದಲ್ಲಿ 9 ಕೆಲಸ. ಈಗಿನದನ್ನು ಬಿಟ್ಟರೆ ಹೆಚ್ಚು ಕಾಲ ನಿಂತದ್ದು 22 ತಿಂಗಳು. ಬೇಗ ಮುಗಿದದ್ದು 11 ವಾರ. ಗ್ರಾಚ್ಯುಟಿ ಕಾಯ್ದೆ ಬಂದಿದ್ದು 1972ರಲ್ಲಿ. ಕಾಯಂ ನೌಕರರು ಒಂದೇ ಕಡೆ 5 ವರ್ಷ ದುಡಿದರೆ, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಗಂಟು ಕೈಗೆ ಬರುತ್ತದೆ. 14 ವರ್ಷ ದುಡಿದೂ ಗ್ರಾಚ್ಯುಟಿಯ ಒಂದು ಪೈಸೆ ಮುಟ್ಟದವಳು ನಾನು.

ನಮ್ಮಪ್ಪ ಬಸ್ ಡಿಪೋದಲ್ಲಿ ಗುಮಾಸ್ತರಾಗಿದ್ದರು. ಒಂದೇ ಕೆಲಸ, 34 ವರ್ಷ. ಬೀಳ್ಕೊಡುಗೆಯ ದಿನ ಹಾರ, ಶಾಲು, ಫಲತಾಂಬೂಲದ ಜೊತೆ ಕೊಟ್ಟ ಗೋಡೆ ಗಡಿಯಾರ ತಿಪಟೂರಿನ ಮನೆಯ ನಡುಮನೆಯಲ್ಲಿ ಈಗಲೂ ಓಡುತ್ತಿದೆ. ಅಂಥ ಮನೆಯಲ್ಲಿ ‘ಕೆಲಸ ಬಿಟ್ಟೆ’ ಅಂದರೆ ಒಂದೋ ಯಾರ ಜೊತೆಗೋ ಜಗಳ, ಇಲ್ಲವೇ ಬಾಯಿ ಬಿಟ್ಟು ಹೇಳಲಾಗದಂಥದ್ದು ಏನೋ ಆಗಿದೆ ಅಂತಲೇ ಅರ್ಥ. ಐದನೆಯ ಸಲ ಬಿಟ್ಟಾಗ ಅಪ್ಪ ಬೈಯಲಿಲ್ಲ. ‘ಊಟಕ್ಕೇನೂ ತೊಂದರೆ ಇಲ್ಲವಲ್ಲ?’ ಅಂತ ಮಾತ್ರ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಕೆಲಸ ಬರುತ್ತಿರಲಿಲ್ಲ ಅಂತಲ್ಲ. ಕರಡು ತಿದ್ದುವುದು, ಅನುವಾದ, ಸಬ್‌ಟೈಟಲ್ ಇವೆಲ್ಲ ನನಗೆ ಇಷ್ಟ, ಸಂದರ್ಶನದಲ್ಲಂತೂ ಯಾವಾಗಲೂ ಮೊದಲಿಗಳು. ಸೇರಿದ ಮೊದಲ ಮೂರು ತಿಂಗಳು ಕಚೇರಿಯಲ್ಲಿ ನನ್ನದೇ ಮಾತು. ಯಾರೂ ಹೇಳದಿದ್ದರೂ ನಾಲ್ಕು ವರ್ಷದ ಹಳೆಯ ಕಡತಗಳನ್ನೆಲ್ಲ ಜೋಡಿಸಿಡುತ್ತಿದ್ದೆ, ಕಾಗುಣಿತದ ಕೈಪಿಡಿ ಬರೆಯುತ್ತಿದ್ದೆ, ರಾತ್ರಿ ಒಂಬತ್ತರವರೆಗೆ ಕೂರುತ್ತಿದ್ದೆ. ಮೂರನೆಯ ಕಂಪನಿಯಲ್ಲಿ ಎರಡನೇ ತಿಂಗಳಿಗೇ ಸ್ಪಾಟ್ ಅವಾರ್ಡ್ ಅಂತ ಸಾವಿರ ರೂಪಾಯಿಯ ವೋಚರ್ ಕೊಟ್ಟರು. ಎಂಟನೇ ತಿಂಗಳಿಗೆ ಅದೇ ಮ್ಯಾನೇಜರ್ ಗಾಜಿನ ಕೋಣೆಗೆ ಕರೆದು ಬಾಗಿಲು ಹಾಕಿದರು. ‘ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರಲ್ಲ ಮೇಡಂ, ಹಾಗಾಯ್ತು ನಿಮ್ಮ ಕತೆ.’

ಆ ಗಾದೆಯನ್ನು ಆಮೇಲೆ ಎಷ್ಟೋ ಸಲ ತಿರುವಿ ಹಾಕಿದ್ದೇನೆ. ಹೊಸದು ಹಳೆಯದಾದ ಮೇಲೆ ಅವನ ಕೈ ಯಾಕೆ ಸೋತಿತು ಅಂತ ಗಾದೆ ಕಟ್ಟಿದವರು ಅವನನ್ನೇನೂ ಕೇಳಿದ ಹಾಗಿಲ್ಲ.

ನನ್ನನ್ನು ಕೇಳಿದವರು ಒಬ್ಬ ಮನೋವೈದ್ಯರು, ನನಗೆ 36 ಆದಾಗ. ನಿದ್ದೆ ಬರುತ್ತಿಲ್ಲ ಅಂತ ಹೋದವಳು ನಾನು. ಅವರು ನಿದ್ದೆಯನ್ನು ಅಲ್ಲಿಗೇ ಬಿಟ್ಟು ಸಂಬಂಧವೇ ಇಲ್ಲದ ಪ್ರಶ್ನೆಗಳನ್ನು ಕೇಳತೊಡಗಿದರು. ಹಾಲು ಉಕ್ಕಿಸುವುದು ವಾರಕ್ಕೆಷ್ಟು ಸಲ? ಯಾರಾದರೂ ಮಾತಾಡುವಾಗ ಅವರ ಮಾತು ಮುಗಿಯುವ ಮುಂಚೆಯೇ ಉತ್ತರ ಕೊಡುತ್ತೀರಾ? ಶಾಲೆಯ ಅಂಕಪಟ್ಟಿಗಳೇನಾದರೂ ಇವೆಯಾ? ಅಂಕಪಟ್ಟಿ ಯಾಕೆ ಅಂತ ಆಮೇಲೆ ಗೊತ್ತಾಯಿತು. ಅವರು ಹುಡುಕುತ್ತಿದ್ದದ್ದು ಎಡಿಎಚ್‌ಡಿಯನ್ನು, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಡಕನ್ನು. ಅದು ದೊಡ್ಡವರಾದ ಮೇಲೆ ಹೊಸದಾಗಿ ಹುಟ್ಟುವಂಥದ್ದಲ್ಲ. 12 ವರ್ಷದೊಳಗೇ ಅದರ ಗುರುತು ಇದ್ದಿರಬೇಕು. ಮನೋವೈದ್ಯರು ಬಳಸುವ ಡಿಎಸ್ಎಂ ಕೈಪಿಡಿಯ 2013ರ ಆವೃತ್ತಿ ಹಾಗೆ ಹೇಳುತ್ತದೆ. ಮಕ್ಕಳಲ್ಲಿ 6 ಲಕ್ಷಣ ಕಾಣಬೇಕಾದರೆ 17 ತುಂಬಿದವರಲ್ಲಿ 5 ಸಾಕು ಅಂತ ತಿದ್ದಿದ್ದೂ ಅದೇ ಆವೃತ್ತಿಯಲ್ಲಿ. ಮನೆಯಲ್ಲೂ ಕಚೇರಿಯಲ್ಲೂ, ಅಂದರೆ ಕನಿಷ್ಠ ಎರಡು ಕಡೆ, ತೊಡಕಾಗುತ್ತಿರಬೇಕು ಅನ್ನುವುದೂ ಒಂದು ಷರತ್ತು.

ಅಮ್ಮ ಟ್ರಂಕಿನ ತಳದಿಂದ ನಾಲ್ಕನೇ ಕ್ಲಾಸಿನ ಪ್ರಗತಿಪತ್ರ ತೆಗೆದುಕೊಟ್ಟರು. ನೀಲಿ ಶಾಯಿಯಲ್ಲಿ ಮೇಷ್ಟ್ರ ದುಂಡನೆಯ ಅಕ್ಷರ: ‘ಬುದ್ಧಿವಂತೆ. ಪಾಠದ ವೇಳೆ ಕಿಟಕಿಯಾಚೆ ನೋಡುತ್ತಾಳೆ. ಕೊಟ್ಟ ಲೆಕ್ಕ ಪೂರ್ತಿ ಮಾಡುವುದಿಲ್ಲ.’ ಬೆಂಚಿನಿಂದ ಬೆಂಚಿಗೆ ಹಾರುವ ಹುಡುಗ ಬೇಗ ಕಣ್ಣಿಗೆ ಬೀಳುತ್ತಾನೆ, ಆಸ್ಪತ್ರೆಗೂ ಹೋಗುತ್ತಾನೆ. ಕಿಟಕಿಯಾಚೆ ನೋಡುತ್ತ ಸುಮ್ಮನೆ ಕೂತ ಹುಡುಗಿ ಯಾರಿಗೂ ಉಪದ್ರವ ಕೊಡುವುದಿಲ್ಲ, ಹಾಗಾಗಿ ಅವಳನ್ನು ಯಾರೂ ಕೇಳುವುದೂ ಇಲ್ಲ. ಹೆಣ್ಣುಮಕ್ಕಳಲ್ಲಿ ಇದು ಗೊತ್ತಾಗುವುದು ತಡವಾಗಲು ಇದೊಂದು ದೊಡ್ಡ ಕಾರಣ. ‘ಮದುವೆಯಾದ ಮೇಲೆ ಸರಿಹೋಗ್ತಾಳೆ’ ಎಂದು ನಮ್ಮ ಮನೆಯವರೂ ಕಾದರು.

‘ಗಮನದ ಕೊರತೆ’ ಎನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ನನಗೆ ಗಮನಕ್ಕೇನೂ ಬರವಿಲ್ಲ. ಶಾಸನವೊಂದರ ಪಾಠಾಂತರ ಹುಡುಕುತ್ತ ಆರು ಗಂಟೆ ನೀರೂ ಕುಡಿಯದೆ ಕೂತಿದ್ದುಂಟು. ಗಮನ ನಾನು ಹೇಳಿದ ಕಡೆ ಹೋಗುವುದಿಲ್ಲ, ಅಷ್ಟೇ. ಈ ವಿಷಯದಲ್ಲಿ ದಶಕಗಳ ಕಾಲ ಕೆಲಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಇದನ್ನು ತನ್ನನ್ನು ತಾನು ನಡೆಸಿಕೊಳ್ಳುವುದರ ತೊಡಕು ಎಂದು ವಿವರಿಸುತ್ತಾರೆ. ಏನು ಮಾಡಬೇಕೆಂಬುದು ಗೊತ್ತಿರುತ್ತದೆ. ಗೊತ್ತಿರುವುದನ್ನು ಹೊತ್ತಿಗೆ ಸರಿಯಾಗಿ ಮಾಡಲಾಗುವುದಿಲ್ಲ. ಮಿದುಳಿನಲ್ಲಿ ಡೋಪಮಿನ್ ಕೆಲಸ ಮಾಡುವ ರೀತಿಯಲ್ಲಿ ವ್ಯತ್ಯಾಸವಿರುವುದು ಇದರ ಒಂದು ಕಾರಣ ಅನ್ನುತ್ತಾರೆ. ಹೊಸತು, ಆಸಕ್ತಿ, ತಲೆ ಮೇಲೆ ಕೂತ ಗಡುವು, ಇವು ನಮ್ಮನ್ನು ಎಬ್ಬಿಸುತ್ತವೆ. ‘ಮುಖ್ಯವಾದದ್ದು’ ಎಂಬ ಒಂದೇ ಕಾರಣಕ್ಕೆ ಏಳುವುದು ನಮ್ಮಿಂದಾಗದು. ಹೊಸ ಕೆಲಸದಲ್ಲಿ ಮೊದಲ ಆರು ತಿಂಗಳು ಎಲ್ಲವೂ ಹೊಸತೇ. ಏಳನೇ ತಿಂಗಳಿಗೆ ಉಳಿಯುವುದು ಟೈಮ್‌ಶೀಟು.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಆರನೆಯ ಕೆಲಸದಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಗ್ರಾಹಕರೊಬ್ಬರ ಮೇಲ್ ಬಂತು: ಎರಡನೇ ಅಧ್ಯಾಯ ನೋಡಿದಿರಾ, ಅಚ್ಚಿಗೆ ಕಳಿಸಬಹುದಾ? ಉತ್ತರ ಮೂರು ಪದ: ‘ನೋಡಿದೆ, ಕಳಿಸಿ ಸರ್.’ ಮೆಟ್ರೊದಲ್ಲಿ ನಿಂತು ಓದಿದೆ, ಸೀಟಿಗೆ ಹೋಗಿ ಬರೆಯೋಣ ಅಂದುಕೊಂಡೆ. ಸೀಟಿಗೆ ಹೋಗುವಷ್ಟರಲ್ಲಿ ಅದು ತಲೆಯಿಂದ ಪೂರಾ ಅಳಿಸಿಹೋಗಿತ್ತು. ರಾತ್ರಿ ಹಲ್ಲುಜ್ಜುವಾಗ ನೆನಪಾಯಿತು. ಬುಧವಾರ ಬರೆಯಲು ಕೂತರೆ, ಒಂದು ದಿನ ತಡವಾಗಿದೆಯಲ್ಲ, ‘ಕ್ಷಮಿಸಿ’ ಅಂತ ಒಂದು ಸಾಲು ಸೇರಿಸಬೇಕು. ಗುರುವಾರಕ್ಕೆ ಬರೀ ಕ್ಷಮಿಸಿ ಸಾಲದು, ಕಾರಣ ಬೇಕು. ಕಾರಣ ಇಲ್ಲ. ಶುಕ್ರವಾರ ಆ ಮೇಲ್ ಇದ್ದ ಪುಟವನ್ನು ತೆರೆಯಲೇ ಭಯ. ಮೂರು ಪದದ ಉತ್ತರ ಒಂದು ಪುಟದ ತಪ್ಪೊಪ್ಪಿಗೆಯಾಗಿ ಬೆಳೆದು ನನ್ನ ಎದೆ ಮೇಲೆ ಕೂತಿತ್ತು. ಮುಂದಿನ ಬುಧವಾರ ಆ ಗ್ರಾಹಕರು ನೇರ ಮ್ಯಾನೇಜರಿಗೇ ಫೋನ್ ಮಾಡಿದರು. ಅಧ್ಯಾಯವನ್ನು ನಾನು ಸೋಮವಾರವೇ, ಅಂದರೆ ಮೇಲ್ ಬರುವ ಹಿಂದಿನ ದಿನವೇ, ನೋಡಿ ಮುಗಿಸಿದ್ದೆ. ಇದನ್ನು ಯಾರು ನಂಬುತ್ತಾರೆ?

ಇಂಥವು ಮೂರೋ ನಾಲ್ಕೋ ಆದ ಮೇಲೆ ‘ಪಿಪ್’ಗೆ ಹಾಕುತ್ತಾರೆ. ಕೆಲಸ ಸುಧಾರಿಸಿಕೊಳ್ಳಲು ಮೂರು ತಿಂಗಳ ಗಡುವು ಎಂದು ಕಾಗದದ ಮೇಲೆ ಇರುತ್ತದೆ. ಬೇರೆ ಕೆಲಸ ನೋಡಿಕೋ ಎಂದು ಎಲ್ಲರಿಗೂ ಅರ್ಥವಾಗುತ್ತದೆ. ತಮಾಷೆಯೆಂದರೆ ಪಿಪ್‌ನ ಮೂರು ತಿಂಗಳು ನಾನು ಬಹಳ ಚೆನ್ನಾಗಿ ಕೆಲಸ ಮಾಡುತ್ತಿದ್ದೆ. ಕತ್ತಿ ಕುತ್ತಿಗೆಗೆ ಬಂತಲ್ಲ! ಅದನ್ನು ನೋಡಿ ‘ಮನಸ್ಸು ಮಾಡಿದ್ರೆ ಆಗುತ್ತೆ ನಿಮ್ಮ ಕೈಲಿ, ಮನಸ್ಸು ಮಾಡಲ್ಲ ನೀವು’ ಎಂಬ ತೀರ್ಪು. ನಾನೂ ಒಪ್ಪಿಕೊಂಡು, ನಾಚಿಕೆಗೆ ರಾಜೀನಾಮೆ ಬರೆದು ಕೊಟ್ಟುಬಿಡುತ್ತಿದ್ದೆ. ಮುಗಿದ ಎಂಟರಲ್ಲಿ ಅವರಾಗಿ ತೆಗೆದದ್ದು ಎರಡೇ ಕಡೆ. ಉಳಿದವನ್ನು ಹೊರಹಾಕುವ ಮುಂಚೆಯೇ ನಾನೇ ಬಿಟ್ಟೆ. ನನ್ನಂಥವರ ಲೆಕ್ಕ ಯಾವ ಕಂಪನಿಯ ದಾಖಲೆಯಲ್ಲೂ ಸಿಗದಿರುವುದು ಹೀಗೆ.

ಲೆಕ್ಕ ಹಾಕಿದವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನಸಿಕ ಆರೋಗ್ಯ ಸಮೀಕ್ಷೆಗಳನ್ನು ಆಧರಿಸಿ 10 ದೇಶಗಳ ದುಡಿಯುವವರ ಬಗ್ಗೆ 2008ರಲ್ಲಿ ಒಂದು ಅಧ್ಯಯನ ಬಂತು. ದುಡಿಯುವವರಲ್ಲಿ ಶೇ 3.5ರಷ್ಟು ಜನರಿಗೆ ಎಡಿಎಚ್‌ಡಿ ಇದೆ, ಉಳಿದವರಿಗಿಂತ ಅವರು ವರ್ಷಕ್ಕೆ ಸುಮಾರು 22 ದಿನದ ಕೆಲಸ ಹೆಚ್ಚಾಗಿ ಕಳೆದುಕೊಳ್ಳುತ್ತಾರೆ ಎಂದು ಅದು ಹೇಳಿತು. ರಜೆ ಹಾಕಿದ ದಿನಗಳಷ್ಟೇ ಅಲ್ಲ, ಸೀಟಿನಲ್ಲಿ ಕೂತೂ ಕೆಲಸ ಸಾಗದ ದಿನಗಳೂ ಆ 22ರಲ್ಲಿ ಸೇರಿವೆ. ಆ ಹತ್ತು ದೇಶಗಳಲ್ಲಿ ಭಾರತ ಇರಲಿಲ್ಲ.

‘ಮರೆವು ಯಾರಿಗಿಲ್ಲ, ಮೊಬೈಲ್ ಹಿಡಿದವರಿಗೆಲ್ಲ ಈಗ ಇದೇ ಕಾಯಿಲೆ’ ಅನ್ನುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಅರ್ಧ ನಿಮಿಷದ ರೀಲ್ಸ್ ನೋಡಿ ‘ನನಗೂ ಇದೆ’ ಎಂದುಕೊಳ್ಳುವುದು ಸುಲಭ. ಥೈರಾಯ್ಡ್, ನಿದ್ರಾಹೀನತೆ, ಖಿನ್ನತೆ, ಆತಂಕ ಇವೂ ಹೊರಗಿನಿಂದ ಹೆಚ್ಚುಕಡಿಮೆ ಹೀಗೇ ಕಾಣುತ್ತವೆ. ಅವನ್ನೆಲ್ಲ ಒಂದೊಂದಾಗಿ ತಳ್ಳಿಹಾಕಲು ನನ್ನ ವೈದ್ಯರಿಗೆ ನಾಲ್ಕು ಭೇಟಿ ಬೇಕಾಯಿತು. ಆದರೆ ಮೊಬೈಲಿನ ಮೇಲೆ ಎಲ್ಲವನ್ನೂ ಹೊರಿಸುವವರಿಗೆ ಒಂದು ಮಾತು: ಇಂಗ್ಲೆಂಡಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟದ್ದು 1902ರಲ್ಲಿ.

ವಂಶದಲ್ಲಿ ಇದು ಹರಿಯುತ್ತದೆ. ಅವಳಿಗಳ ಮೇಲಿನ ಅಧ್ಯಯನಗಳು ಆನುವಂಶಿಕತೆಯ ಪಾಲನ್ನು ಶೇ 74ರ ಆಸುಪಾಸು ಹೇಳುತ್ತವೆ. ಅದನ್ನು ಓದಿದಾಗ ನೆನಪಾದದ್ದು ನಮ್ಮ ಸೋದರಮಾವ. ಸೈಕಲ್ ಬಾಡಿಗೆ ಅಂಗಡಿ, ಕೊಬ್ಬರಿ ವ್ಯಾಪಾರ, ಎಸ್‌ಟಿಡಿ ಬೂತು, ಕೋಳಿ ಫಾರಂ, ಕೊನೆಗೆ ಶಾಮಿಯಾನ. ಪ್ರತಿ ಅಂಗಡಿಯ ಪೂಜೆಗೂ ಊರಿಗೆಲ್ಲ ಕಡ್ಲೆಪುರಿ ಹಂಚಿದವರು. ಎರಡು ಆಯುಧಪೂಜೆ ಕಂಡ ಅಂಗಡಿ ಒಂದೂ ಇಲ್ಲ. ‘ಕಾಲಲ್ಲಿ ಚಕ್ರ’ ಎಂದು ಊರು ನಕ್ಕಿತು. ಅವರಿಗೆ ಏನಿತ್ತೆಂದು ಈಗ ಹೇಳುವ ಹಕ್ಕು ನನಗಿಲ್ಲ, ನಾನು ವೈದ್ಯೆಯೂ ಅಲ್ಲ. ಆದರೂ ನನ್ನ ಪಾಸ್‌ಬುಕ್ ನೋಡುವಾಗಲೆಲ್ಲ ಅವರ ಅಂಗಡಿಗಳು ಸಾಲಾಗಿ ಕಣ್ಣ ಮುಂದೆ ಬರುತ್ತವೆ.

ಇನ್ನು ನಾನು ನುಂಗುವ ಮಾತ್ರೆಯ ವಿಷಯ. ಮಿಥೈಲ್‌ಫೆನಿಡೇಟ್ ಅನ್ನು 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ತಯಾರಿಸಿದ ಲಿಯಾಂಡ್ರೊ ಪನಿಝೋನ್, ಅದಕ್ಕೆ ‘ರಿಟಾಲಿನ್’ ಎಂದು ಹೆಂಡತಿ ರೀಟಾಳ ಹೆಸರಿಟ್ಟ. ನಮ್ಮಲ್ಲಿ ಅದು 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ. ಹಾಗಾಗಿ ಎಲ್ಲ ಮೆಡಿಕಲ್ ಶಾಪಿನವರೂ ಇಡುವುದಿಲ್ಲ, ಹಳೆಯ ಚೀಟಿ ತೋರಿಸಿದರೆ ಕೊಡುವುದೂ ಇಲ್ಲ. ಮರೆಯುವವರ ಮದ್ದು, ಅದಕ್ಕೆ ಚೀಟಿ ಬರೆಸುವುದನ್ನು ಮರೆಯಬಾರದು! ನನಗೆ ಅದು ಕೆಲಸ ಮಾಡಿತು, ಎಲ್ಲರಿಗೂ ಮಾಡುತ್ತದೆಂದಲ್ಲ. ಮೊದಲ ದಿನ ಮಿಕ್ಸಿ ನಿಂತ ಹಾಗಾಯಿತು. ಅಷ್ಟು ಹೊತ್ತು ಅಡುಗೆಮನೆಯಲ್ಲಿ ಅಷ್ಟೊಂದು ಸದ್ದಿತ್ತೆಂದು ಅದು ನಿಂತ ಮೇಲೇ ತಾನೆ ತಿಳಿಯುವುದು? ಆದರೆ ಮಾತ್ರೆ ಗಮನವನ್ನು ಕೊಡುತ್ತದೆ, ಅದನ್ನು ಎಲ್ಲಿಡಬೇಕೆಂದು ಹೇಳುವುದಿಲ್ಲ. ಒಂದು ಸೋಮವಾರ ಮಾತ್ರೆ ನುಂಗಿ ಮೂರು ಗಂಟೆ ಕಾಲ ಸಾಸಿವೆ, ಜೀರಿಗೆ, ಮೆಂತ್ಯದ ಡಬ್ಬಿಗಳಿಗೆ ಅಚ್ಚುಕಟ್ಟಾಗಿ ಚೀಟಿ ಅಂಟಿಸಿದೆ. ಕಚೇರಿಯ ವರದಿ ಹಾಗೇ ಇತ್ತು.

ಕಚೇರಿಗೆ ಹೇಳಬೇಕೇ? ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಆ ಹೆಸರಿನಲ್ಲಿ ಇಲ್ಲ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆ ಹೆಸರಿಗಿಂತ ಹೆಚ್ಚಾಗಿ ದಿನನಿತ್ಯದ ಬದುಕಿಗೆ ಎಷ್ಟು ತೊಡಕಾಗಿದೆ ಎಂದು ನೋಡುತ್ತದೆ. ಕೆಲಸದ ಜಾಗದಲ್ಲಿ ಬೇಕಾದ ನೆರವಿಗೆ ಅಲ್ಲಿನ ಸರ್ಕಾರದ್ದೇ ಒಂದು ಯೋಜನೆಯೂ ಇದೆ. ಇಲ್ಲಿ ಎಲ್ಲವೂ ನಮ್ಮ ಮೇಲಿನವರು ಎಂಥವರು ಎಂಬುದರ ಮೇಲೆ ನಿಂತಿದೆ. ಎಂಟನೆಯ ಕಂಪನಿಯಲ್ಲಿ ಹೇಳಿದೆ. ಎಚ್‌ಆರ್‌ನವರು ತುಂಬ ಪ್ರೀತಿಯಿಂದ ಕೇಳಿಸಿಕೊಂಡರು, ಮರುವಾರದಿಂದ ಮುಖ್ಯವಾದ ಯಾವ ಕೆಲಸವೂ ನನ್ನ ಮೇಜಿಗೆ ಬರಲಿಲ್ಲ. ನಾಲ್ಕೇ ತಿಂಗಳಿಗೆ ಬಿಟ್ಟೆ.

ಇನ್ನೊಂದು ಬದಿಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನಾನು ಮುಗಿಸದೆ ಬಿಟ್ಟ ಕೆಲಸ ಗಾಳಿಯಲ್ಲಿ ಮುಗಿಯಲಿಲ್ಲ. ಪಕ್ಕದ ಸೀಟಿನ ಹುಡುಗಿಯೊಬ್ಬಳು ನನ್ನ ಅನುಕ್ರಮಣಿಕೆ ಮುಗಿಸಲು ರಾತ್ರಿ ಹನ್ನೊಂದರವರೆಗೆ ಕೂತಿದ್ದಳು, ಅವಳ ಮಗುವಿಗೆ ಅವತ್ತು ಜ್ವರ. ನನ್ನ ಮಿದುಳಿನ ಡೋಪಮಿನ್ ಕತೆ ಅವಳಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಈಗಿನ ಕೆಲಸಕ್ಕೆ 26 ತಿಂಗಳಾಯಿತು. ಚಿಕ್ಕ ಜಾಗ, ಸಂಬಳವೂ ಹಿಂದಿನದಕ್ಕಿಂತ ಕಡಿಮೆ. ಮೇಲಿನವರು ಬಾಯಿಮಾತಿನಲ್ಲಿ ಹೇಳಿದ್ದನ್ನು ಎರಡು ಸಾಲು ಬರೆದು ಕಳಿಸುತ್ತಾರೆ, ‘ತಿಂಗಳ ಕೊನೆಗೆ’ ಎನ್ನದೆ ‘ಗುರುವಾರ ನಾಲ್ಕು ಗಂಟೆಗೆ’ ಎನ್ನುತ್ತಾರೆ. ಕಾಯ್ದೆಯ ಭಯಕ್ಕಲ್ಲ, ಅವರ ಅಭ್ಯಾಸವೇ ಹಾಗೆ. ದೊಡ್ಡ ಕೆಲಸಗಳನ್ನು ಹೀಗೆ ದಾಟಿಸಿಕೊಂಡಿದ್ದೇನೆ. ಶುಕ್ರವಾರದ ಟೈಮ್‌ಶೀಟು ಮಾತ್ರ ಅಲಾರಾಂಗೂ ಮಾತ್ರೆಗೂ ಬಗ್ಗಲಿಲ್ಲ. ಪಕ್ಕದಲ್ಲಿ ಯಾರಾದರೂ ತಮ್ಮ ಪಾಡಿಗೆ ಏನೋ ಮಾಡುತ್ತ ಕೂತಿದ್ದರೆ ನಮ್ಮಂಥವರಿಗೆ ಬೇಸರದ ಕೆಲಸವೂ ಸಾಗುತ್ತದೆ ಎಂದು ವೈದ್ಯರು ಹೇಳಿದ್ದರು. ಮನೆಯಲ್ಲಿ ಆ ಹೊತ್ತಿಗೆ ಯಾರೂ ಇರುವುದಿಲ್ಲ. ಹಾಗಾಗಿ ಶುಕ್ರವಾರ ಸಂಜೆ ಐದಕ್ಕೆ ಅಮ್ಮನಿಗೆ ವಿಡಿಯೊ ಕಾಲ್. ಮಾತಾಡುವ ಹಾಗಿಲ್ಲ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಡುತ್ತಾರೆ. ಹೋದ ವಾರ ಅಲ್ಲಿ ಹಿತುಕಿದ ಬೇಳೆಯ ಸಂಭ್ರಮ. ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಒಂದೊಂದೇ ಹಿತುಕುತ್ತಿದ್ದರು, ಬೇಳೆ ಟಪ್ಪೆಂದು ತಟ್ಟೆಗೆ ಬೀಳುತ್ತಿತ್ತು. ಹಿಂದೆ ಗೋಡೆಯ ಮೇಲೆ ಅಪ್ಪನ ಗಡಿಯಾರ.

‘ಆಯ್ತೇನೆ?’

‘ಇನ್ನೆರಡು ಸಾಲು ಇದೆ ಅಮ್ಮ.’

‘ಸೇರು ಕಾಳು ಮುಗೀತಲ್ಲೇ ನಂದು, ನಿಂದಿನ್ನೂ ಎರಡು ಸಾಲಾ?’ ಅಂದವರೇ ಎದ್ದು ಹೋಗಿ ಇನ್ನೊಂದು ಪಾತ್ರೆ ತಂದು ಕೂತರು.