ಕಿರಿದಾದ ಹೊಟ್ಟೆಗೆ ಎಷ್ಟು ರಸ?

ಆಸ್ಪತ್ರೆಯಲ್ಲಿ ಮಲಗಿದವರನ್ನು ಬರಿಗೈಯಲ್ಲಿ ನೋಡಲು ಹೋಗುವುದು ನಮಗೆ ಒಗ್ಗದು. ಅರ್ಧ ಡಜನ್ ಮೂಸಂಬಿ ಹಿಡಿದೇ ಹೊರಡುತ್ತೇವೆ. "ಗಟ್ಟಿ ಏನೂ ತಿನ್ನೋ ಹಾಗಿಲ್ಲವಂತೆ, ಜ್ಯೂಸಾದರೂ ಕುಡೀಲಿ, ಶಕ್ತಿ ಬರುತ್ತೆ." ಈ ಅಕ್ಕರೆ ದೊಡ್ಡದು. ಆದರೆ ಮಲಗಿರುವವರು ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಾದರೆ, ಆ ಲೋಟ ತುಟಿಗೆ ತಾಗುವ ಮೊದಲು ಅವರ ಹೊಟ್ಟೆಯೊಳಗೆ ಏನಾಗಿದೆ ಎಂದು ತಿಳಿದಿರಬೇಕು.

ಈಗ ಹೆಚ್ಚು ಬಳಕೆಯಲ್ಲಿರುವ ವಿಧಾನಗಳು ಎರಡು. ಸ್ಲೀವ್ ಎಂಬುದರಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ; ಉಳಿಯುವುದು ಬಾಳೆಹಣ್ಣಿನಾಕಾರದ ಸಪೂರ ಕೊಳವೆ. ಬೈಪಾಸಿನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. 1966ರಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಆರಂಭಿಸಿದ ಬೈಪಾಸ್ ವಿಧಾನ ಆಮೇಲೆ ಹಲವು ಮಾರ್ಪಾಡು ಕಂಡಿದೆ.

ರಸದ ಪ್ರಶ್ನೆ ಏಳುವುದು ಶಸ್ತ್ರಚಿಕಿತ್ಸೆಗೂ ಮೊದಲೇ. ಹೆಚ್ಚಿನ ಕಡೆ ಅದಕ್ಕೆ ಮುಂಚಿನ ಸುಮಾರು ಎರಡು ವಾರ ವಿಶೇಷ ಪಥ್ಯ ಹೇಳುತ್ತಾರೆ. ಅದರ ಗುರಿ ಯಕೃತ್ತು, ಅಂದರೆ ಲಿವರ್. ತೂಕ ಹೆಚ್ಚಿರುವವರಲ್ಲಿ ಅದು ಕೊಬ್ಬು ತುಂಬಿ ಊದಿರುತ್ತದೆ, ಅದರ ಎಡಭಾಗ ಜಠರದ ಮೇಲೆ ಚಾಚಿಕೊಂಡಿರುತ್ತದೆ. ಸಣ್ಣ ರಂಧ್ರಗಳಿಂದ ಉಪಕರಣ ತೂರಿಸಿ ಕೆಲಸ ಮಾಡುವ ವೈದ್ಯರಿಗೆ ಇದೇ ಅಡ್ಡಿ. ಯಕೃತ್ತು ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಕೂತಿರುತ್ತದೆ. ಹಿಟ್ಟು, ಸಕ್ಕರೆ ಕಡಿಮೆಯಾದರೆ ಈ ದಾಸ್ತಾನು ಕರಗಿ ಯಕೃತ್ತು ಕುಗ್ಗುತ್ತದೆ. ಇದೇ ಹದಿನೈದು ದಿನ "ಹಣ್ಣಿನ ರಸದ ಉಪವಾಸ" ಹಿಡಿದರೆ ಆಗುವುದು ತದ್ವಿರುದ್ಧ. 250 ಮಿಲಿಲೀಟರ್ ಕಿತ್ತಳೆ ರಸದಲ್ಲಿ ಸುಮಾರು 20 ಗ್ರಾಂ ಸಕ್ಕರೆ ಇರುತ್ತದೆ, ಹೆಚ್ಚುಕಡಿಮೆ ಐದು ಚಮಚ. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್‌ ಬಹುಪಾಲು ಅರಗುವುದೂ ಯಕೃತ್ತಿನಲ್ಲೇ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಹಿಟ್ಟು, ಸಕ್ಕರೆ ಕಡಿಮೆ ಮಾಡುವ ಈ ಪಥ್ಯವನ್ನು ವೈದ್ಯರು ಔಷಧದ ಪ್ರಮಾಣ ಬದಲಿಸದೆ ಆರಂಭಿಸಲೇಬಾರದು. ಸಕ್ಕರೆ ಅಪಾಯಕಾರಿಯಾಗಿ ಇಳಿದೀತು.

ಶಸ್ತ್ರಚಿಕಿತ್ಸೆಯ ನಂತರ ಮೊದಲು ತಿಳಿ ದ್ರವ, ಆಮೇಲೆ ಮಂದ ದ್ರವ, ನುಣ್ಣಗೆ ಅರೆದ ಆಹಾರ, ಮೆತ್ತನೆಯ ಊಟ ಎಂದು ಮೆಟ್ಟಿಲು ಹತ್ತಿಸುತ್ತಾರೆ. ನೀರನ್ನೂ ಗುಟುಕು ಗುಟುಕಾಗಿಯೇ ಕುಡಿಯಬೇಕು. ಈ ಹಂತದಲ್ಲಿ ಸಿಹಿ ರಸವನ್ನು ಗಟಗಟನೆ ಕುಡಿದರೆ, ಮುಖ್ಯವಾಗಿ ಬೈಪಾಸ್ ಆದವರಲ್ಲಿ, ಸಕ್ಕರೆ ಒಮ್ಮೆಗೇ ಕರುಳಿಗೆ ಸುರಿಯುತ್ತದೆ. ಅದನ್ನು ತಿಳಿಯಾಗಿಸಲು ದೇಹದ ನೀರು ಕರುಳಿಗೆ ನುಗ್ಗುತ್ತದೆ. ಅರ್ಧ ಗಂಟೆಯೊಳಗೆ ಹೊಟ್ಟೆ ನುಲಿತ, ಬೆವರು, ಎದೆ ಡವಗುಟ್ಟುವುದು, ಭೇದಿ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಇನ್ನು ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ, ಅತಿಯಾಗಿ ಸುರಿದ ಇನ್ಸುಲಿನ್ನಿನಿಂದ ಸಕ್ಕರೆ ಕುಸಿದು ಕೈಕಾಲು ನಡುಗಿ ಕಣ್ಣು ಕತ್ತಲೆ ಬರುತ್ತದೆ.

ಡಂಪಿಂಗ್ ಕೂಡಲೇ ಗೊತ್ತಾಗುತ್ತದೆ. ನನಗೆ ಹೆಚ್ಚು ಕಳವಳ ತರುವುದು ಗೊತ್ತಾಗದೆ ನಡೆಯುವ ನಷ್ಟ. ಈ ಹೊಟ್ಟೆಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಸೇರಬೇಕು, ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಜಾಗವೋ ಅಂಗೈಯಷ್ಟು. ಅದನ್ನು ರಸ ತುಂಬಿದರೆ ಬೇಳೆ, ಮೊಸರು, ಮೊಟ್ಟೆಗೆ ತಾವಿಲ್ಲ. ತಿಂಗಳುಗಳು ಉರುಳಿದ ಮೇಲೆ ಇನ್ನೊಂದು ತೊಂದರೆ: ಮೂರು ಹಣ್ಣು ತಿನ್ನಲು ಬಿಡದ ಹೊಟ್ಟೆ ಮೂರು ಹಣ್ಣಿನ ರಸವನ್ನು ತಡೆಯುವುದಿಲ್ಲ. ಅದು ಸುಮ್ಮನೆ ಇಳಿದುಹೋಗುತ್ತದೆ, ಹೊಟ್ಟೆ ತುಂಬಿದ ಭಾವವನ್ನೂ ಕೊಡುವುದಿಲ್ಲ. ಇಳಿದ ತೂಕ ಮರಳಿ ಬರುವ ದಾರಿಗಳಲ್ಲಿ ಇದೊಂದು.

"ಹಾಗಾದರೆ ಸೊಪ್ಪಿನ ರಸ, ಬೀಟ್‌ರೂಟ್ ರಸ ಕುಡಿಯಬಹುದಲ್ಲ?" ಎಂದು ಕೇಳುವವರಿದ್ದಾರೆ. ಪಾಲಕ್ ಮತ್ತು ಬೀಟ್‌ರೂಟ್‌ಗಳಲ್ಲಿ ಆಕ್ಸಲೇಟ್ ಹೇರಳ. ಸಾಮಾನ್ಯವಾಗಿ ಕರುಳಿನಲ್ಲಿ ಕ್ಯಾಲ್ಸಿಯಂ ಅದನ್ನು ಕಟ್ಟಿಹಾಕಿ ಮಲದೊಂದಿಗೆ ಹೊರಹಾಕುತ್ತದೆ. ಬೈಪಾಸಿನ ನಂತರ ಅರಗದೆ ಉಳಿದ ಕೊಬ್ಬು ಆ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಒಂಟಿಯಾದ ಆಕ್ಸಲೇಟ್ ರಕ್ತ ಸೇರಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. 2018ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು 65 ವರ್ಷದ ಮಹಿಳೆಯೊಬ್ಬರ ಪ್ರಕರಣ ದಾಖಲಿಸಿತು. ಅವರಿಗೆ ಬೈಪಾಸ್ ಆಗಿ ಬಹುಕಾಲವಾಗಿತ್ತು, ದೀರ್ಘಕಾಲ ಆಂಟಿಬಯಾಟಿಕ್ ಕೂಡ ತೆಗೆದುಕೊಂಡಿದ್ದರು. ದೇಹ ಶುದ್ಧಿಗೆಂದು ಹಸಿರು ಸೊಪ್ಪಿನ ಸ್ಮೂದಿ ಕುಡಿಯತೊಡಗಿದರು. ಅಲ್ಲಿಯವರೆಗೆ ಚೆನ್ನಾಗಿದ್ದ ಅವರ ಮೂತ್ರಪಿಂಡಗಳು ಕೈಕೊಟ್ಟವು, ಮತ್ತೆ ಚೇತರಿಸಿಕೊಳ್ಳಲಿಲ್ಲ. ಒಂದು ಕಟ್ಟು ಪಾಲಕನ್ನು ಪಲ್ಯವಾಗಿ ತಿನ್ನಲು ಆಗದವರೂ ರಸವಾಗಿ ಕುಡಿದುಬಿಡುತ್ತಾರೆ. ಬೇಯಿಸಿ ನೀರು ಬಸಿದರೆ ಆಕ್ಸಲೇಟಿನ ಒಂದು ಪಾಲಾದರೂ ಹೋಗುತ್ತದೆ. ಹಸಿಯಾಗಿ ರುಬ್ಬಿದರೆ ಅಷ್ಟೂ ಒಳಗೇ.

ಬೆಂಗಳೂರಿನ ಪಾರ್ಕುಗಳ ಬಳಿ ಬೆಳಗ್ಗೆ ಸಿಗುವ ತರಕಾರಿ ರಸಗಳ ಬಗ್ಗೆಯೂ ಒಂದು ಮಾತು. ಸೋರೆಕಾಯಿ ರಸ ಕಹಿಯಾಗಿದ್ದರೆ ಒಂದು ಗುಟುಕೂ ಬೇಡ, ಉಗಿದುಬಿಡಿ. ಕಹಿಗೆ ಕಾರಣವಾದ ಕುಕುರ್ಬಿಟಾಸಿನ್ ವಿಷ ರಕ್ತವಾಂತಿ ತರಿಸಿ, ರಕ್ತದೊತ್ತಡ ಕುಸಿಯುವಂತೆ ಮಾಡುತ್ತದೆ. ನಮ್ಮ ದೇಶದಲ್ಲಿ ಸಾವುಗಳೇ ಆಗಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ನೇಮಿಸಿ ಈ ಎಚ್ಚರಿಕೆ ಕೊಟ್ಟಿದೆ. ಬೇರೆ ರಸಗಳನ್ನು ಬೆರೆಸಿದರೆ ಕಹಿಯೇ ಮುಚ್ಚಿಹೋಗುತ್ತದೆ.

ಗಂಟಲಿಗೆ ದ್ರವವೇ ಬೇಕೆನಿಸುವ ದಿನಗಳಲ್ಲಿ ಶೋಧಿಸಿದ ಬೇಳೆಕಟ್ಟು, ಬೆಣ್ಣೆ ತೆಗೆದ ನೀರು ಮಜ್ಜಿಗೆ, ಆಹಾರತಜ್ಞರು ಹೇಳಿದ ಪ್ರೋಟೀನ್ ಪುಡಿ ಹಣ್ಣಿನ ರಸಕ್ಕಿಂತ ಎಷ್ಟೋ ಮೇಲು. ಅವರು ಒಪ್ಪಿದರೆ ಹಣ್ಣಿನ ರಸವನ್ನು ಸಕ್ಕರೆ ಹಾಕದೆ, ಸಾಕಷ್ಟು ನೀರು ಬೆರೆಸಿ, ಗುಟುಕು ಗುಟುಕಾಗಿ ಕುಡಿಯಬಹುದು. ತಂದಿಟ್ಟ ಮೂಸಂಬಿಯನ್ನು ಮನೆಯವರು ತಿನ್ನಲಿ. ಮೆತ್ತನೆಯ ಊಟದ ಮೆಟ್ಟಿಲು ದಾಟಿದ ಮೇಲೆ ಶಸ್ತ್ರಚಿಕಿತ್ಸೆ ಆದವರೂ ತಿನ್ನಬಹುದು: ಎರಡು ತೊಳೆ, ಬಿಳಿ ನಾರು ಮತ್ತು ಪೊರೆ ಪೂರ್ತಿ ಬಿಡಿಸಿ. ಕಿರಿದಾದ ದಾರಿಯಲ್ಲಿ ಆ ಪೊರೆ ಗಂಟುಕಟ್ಟಿ ಸಿಕ್ಕಿಹಾಕಿಕೊಂಡ ಉದಾಹರಣೆಗಳಿವೆ. ಒಳಗಿನ ತಿರುಳನ್ನು ಬಾಯಲ್ಲೇ ನೀರಾಗುವಷ್ಟು ಅಗಿದು, ಒಂದೊಂದಾಗಿ ನುಂಗಬೇಕು.