ಚಲೋ ಚಹಾ, ಚಾಂಗಲಾ ಚಹಾ

ಬೆಳಗಾವಿ ಪೇಟೆಯಲ್ಲಿ ಚಲೋ ಚಹಾ, ಚಲೋ ರೊಟ್ಟಿ, ಚಲೋ ಹಾಲು ಅಂತ ಸಲೀಸಾಗಿ ಹೇಳ್ತೀರಿ.
ಅದನ್ನೇ ಮರಾಠಿಯಲ್ಲಿ ಹೇಳುವಾಗ ನಾಲಿಗೆ ಯಾಕೆ ತಡವರಿಸುತ್ತೆ?
ಕೇಳಿ.
ಚಾಂಗಲಾ ಚಹಾ.
ಚಾಂಗಲೀ ಭಾಕರಿ.
ಚಾಂಗಲೇ ದೂಧ್.
ಅಲ್ಲಿ ಚಹಾ ಗಂಡು, ಭಾಕರಿ ಹೆಣ್ಣು, ಹಾಲು ನಪುಂಸಕ.
ನಮಗೆ ಮೂರೂ ಬರೀ 'ಅದು'.
ನಮ್ಮ ಚಲೋ ಹೆಗಲ ಮೇಲಿನ ಟವೆಲ್, ಯಾರಿಗಾದರೂ ಸರಿಹೋಗುತ್ತೆ.
ಚಾಂಗಲಾ ಹೊಲಿಸಿದ ಅಂಗಿ, ಅಳತೆ ಬೇಕೇ ಬೇಕು.

ಹಾಗಾದರೆ ಮರಾಠಿ ಕಷ್ಟ, ಕನ್ನಡ ಸುಲಭ ಅಂತೀರಾ?
ಇಲ್ಲ.
ಹುಡುಗ ಚಲೋ ಅದಾನ. ಹುಡುಗಿ ಚಲೋ ಅದಾಳ. ಹಾಲು ಚಲೋ ಐತಿ.
ಚಲೋ ಕದಲಲಿಲ್ಲ, ಕ್ರಿಯಾಪದ ಮೂರು ಸಲ ಬದಲಾಯ್ತು.
ಮರಾಠಿಯಲ್ಲಿ ಮೂರಕ್ಕೂ ಒಂದೇ 'ಆಹೇ'.
ನಾವು ವಾಕ್ಯದ ಕೊನೆಯಲ್ಲಿ ತೋರಿಸುವ ಲಿಂಗವನ್ನು ಅವರು ಚಾಂಗಲಾದಲ್ಲೇ ತೋರಿಸ್ತಾರೆ.
ಅದಕ್ಕೇ ಮರಾಠಿ ಮನೆಮಾತಿನವರು ಕನ್ನಡ ಕಲಿಯುವಾಗ 'ಅದಾನ, ಅದಾಳ, ಐತಿ'ಯಲ್ಲಿ ಎಡವೋದು ಸಹಜ.

ನಾವು ಮರಾಠಿಯಲ್ಲಿ ತಪ್ಪಿದರೂ ಅರ್ಥ ಆಗುತ್ತಲ್ಲ?
ಖಾನಾಪುರದ ಅಂಗಡಿಯಲ್ಲಿ ಖಂಡಿತ ಆಗುತ್ತೆ.
ಆದರೆ ಅದು ಪಕ್ಕದ ಮನೆಯವರ ಮಾತು. ಸರಿಯಾಗಿ ಆಡೋದು ಅವರಿಗೆ ಕೊಡೋ ಮರ್ಯಾದೆ.
ಮತ್ತೆ ಮರಾಠಿಯ 'ಸುಂದರ್' ಬದಲಾಗೋದೇ ಇಲ್ಲವಲ್ಲ?
ನಿಜ. ಹುಡುಗ ಸುಂದರ್ ಮುಲಗಾ, ಹುಡುಗಿ ಸುಂದರ್ ಮುಲಗೀ.
'ಆ' ಅಂತ ಮುಗಿಯುವ ವಿಶೇಷಣಗಳೇ ಹೆಚ್ಚಾಗಿ ರೂಪ ಬದಲಿಸೋದು.

ಹಾಗಾಗಿ ಹೊಸ ಮರಾಠಿ ಪದ ಸಿಕ್ಕಾಗ ಒಂಟಿಯಾಗಿ ಕಲಿಯಬೇಡಿ.
ಖುರ್ಚೀ ಅಲ್ಲ, ಚಾಂಗಲೀ ಖುರ್ಚೀ.
ಪುಸ್ತಕ್ ಅಲ್ಲ, ಚಾಂಗಲೇ ಪುಸ್ತಕ್.