ಶಹಾಬಾದಿ ಫರಸಿ ಮತ್ತು ಆ್ಯಸಿಡ್ಡಿನ ಲೆಕ್ಕ

ನಮ್ಮ ಬೋರಾಮಣಿಯ ಎರೆಮಣ್ಣಿನ ಕೆಳಗೆ ಸಿಗುವುದು ಕರಿಕಲ್ಲು. ಆದರೆ ಎಷ್ಟೋ ಮನೆಗಳಲ್ಲಿ ಹಾಸಿರುವುದು ಶಹಾಬಾದಿ ಫರಸಿ. ಸೊಲ್ಲಾಪುರದಿಂದ ಅಕ್ಕಲಕೋಟ ರೋಡ್, ದುಧನಿ, ಕಲಬುರ್ಗಿ ದಾಟಿ ವಾಡಿಗೆ ಹೋಗುವ ರೈಲು ಹಾದಿಯಲ್ಲಿ ಶಹಾಬಾದ ಎಂಬ ಊರಿದೆ. ಕಲ್ಲಿನ ಹೆಸರು ಆ ಊರಿನದು. ಫರಸಿಯ ಒಂದು ಚೂರನ್ನು ಕುಟ್ಟಿ ಪುಡಿ ಮಾಡಿ, ಮೇಲೆ ಲಿಂಬೆರಸ ಹಿಂಡಿ ನೋಡಿರಿ. ಸಣ್ಣ ಗುಳ್ಳೆಗಳು ಏಳುತ್ತವೆ. ಇದು ಸುಣ್ಣದ ಕಲ್ಲು ಎಂಬುದಕ್ಕೆ ಅದೇ ಸಾಕ್ಷಿ.

ಸುಣ್ಣದ ಕಲ್ಲಿನ ಮುಖ್ಯ ಪದಾರ್ಥ ಕ್ಯಾಲ್ಸಿಯಂ ಕಾರ್ಬೊನೇಟ್. ನಾವು ತರಗತಿಯಲ್ಲಿ 'ಸಿಎ ಸಿಓ ಥ್ರೀ' ಎಂದು ಬಾಯಿಪಾಠ ಮಾಡುವ ಸೂತ್ರದ ಅರ್ಥ ಇಷ್ಟೇ: ಒಂದು ಕ್ಯಾಲ್ಸಿಯಂ, ಒಂದು ಇಂಗಾಲ, ಮೂರು ಆಮ್ಲಜನಕ. ಪರಮಾಣು ತೂಕಗಳನ್ನು ಕೂಡಿಸಿದರೆ 40 + 12 + 48 = 100. ಇಷ್ಟು ಸಲೀಸಾದ ಮೊತ್ತ ಬರುವುದರಿಂದಲೇ ಪರೀಕ್ಷೆಯಲ್ಲಿ ಇದನ್ನು ಮತ್ತೆ ಮತ್ತೆ ಕೇಳುತ್ತಾರೇನೋ!

ಬಚ್ಚಲಿನ ಕಲೆ ತೆಗೆಯಲು ಅಂಗಡಿಯಿಂದ ತರುವ ಆ್ಯಸಿಡ್ ಹೆಚ್ಚಾಗಿ ಹೈಡ್ರೋಕ್ಲೋರಿಕ್ ಆಮ್ಲವೇ. ಅದು ಕಲ್ಲಿನ ಮೇಲೆ ಬಿದ್ದಾಗ ಕ್ಯಾಲ್ಸಿಯಂ ಕ್ಲೋರೈಡ್, ನೀರು, ಕಾರ್ಬನ್ ಡೈ ಆಕ್ಸೈಡ್ ಉಂಟಾಗುತ್ತವೆ. ಕ್ಯಾಲ್ಸಿಯಂ ಕ್ಲೋರೈಡಿಗೆ ಎರಡು ಕ್ಲೋರಿನ್ ಬೇಕು. ಆಮ್ಲದ ಒಂದು ಅಣುವಿನಲ್ಲಿ ಇರುವುದು ಒಂದೇ. ಆದ್ದರಿಂದ ಆಮ್ಲದ ಮುಂದೆ 2 ಬರೆಯಬೇಕು:

ಕ್ಯಾಲ್ಸಿಯಂ ಕಾರ್ಬೊನೇಟ್ + 2 ಹೈಡ್ರೋಕ್ಲೋರಿಕ್ ಆಮ್ಲ → ಕ್ಯಾಲ್ಸಿಯಂ ಕ್ಲೋರೈಡ್ + ನೀರು + ಕಾರ್ಬನ್ ಡೈ ಆಕ್ಸೈಡ್

ನಮ್ಮಲ್ಲಿ ಕೆಲವರು ಹೀಗೆ ಮುಂದೆ ಅಂಕಿ ಬರೆಯುವ ಬದಲು ಸೂತ್ರದೊಳಗಿನ ಸಣ್ಣ ಅಂಕಿಯನ್ನೇ ತಿದ್ದಿಬಿಡುತ್ತೇವೆ. ಆಗ ಪದಾರ್ಥವೇ ಬೇರೆಯಾಗುತ್ತದೆ. ನೀರಿನ ಸೂತ್ರಕ್ಕೆ ಇನ್ನೊಂದು ಆಮ್ಲಜನಕ ಸೇರಿಸಿದರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್, ಕುಡಿಯಲು ಬಾರದು.

ಈಗ ತೂಕ ನೋಡೋಣ. ಹೈಡ್ರೋಜನ್ 1, ಕ್ಲೋರಿನ್ 35.5, ಎರಡು ಅಣುಗಳಿಗೆ 73. ಎಡಗಡೆ 100 + 73 = 173. ಬಲಗಡೆ 111 + 18 + 44 = 173. ತಕ್ಕಡಿ ಸರಿಹೋಯಿತು. ಅಂದರೆ 73 ಗ್ರಾಂ ಆಮ್ಲ 100 ಗ್ರಾಂ ಕಲ್ಲನ್ನು ಕರಗಿಸುತ್ತದೆ.

ಬಾಟಲಿಯಲ್ಲಿರುವುದು ಶುದ್ಧ ಆಮ್ಲವಲ್ಲ, ಬಹುಪಾಲು ನೀರೇ. ನೂರಕ್ಕೆ 10 ಭಾಗ ಆಮ್ಲವೆಂದು ಹಿಡಿಯೋಣ. 1 ಕಿಲೊ ದ್ರಾವಣದಲ್ಲಿ 100 ಗ್ರಾಂ ಆಮ್ಲ. 73ಕ್ಕೆ 100 ಆದರೆ 100ಕ್ಕೆ ಎಷ್ಟು? 100 × 100 ÷ 73 = 137 ಗ್ರಾಂ. ಕಲೆ ತೆಗೆಯಲು ಹೋಗಿ ನಾವು ಅರ್ಧ ಪಾವು ಕಿಲೊಗಿಂತ ಹೆಚ್ಚು ಫರಸಿಯನ್ನೇ ಮೋರಿಗೆ ಹರಿಸಿದಂತಾಯಿತು! ಅದರ ಜೊತೆ ಸುಮಾರು 60 ಗ್ರಾಂ ಅನಿಲ ಗುಳ್ಳೆಯಾಗಿ ಹಾರಿಹೋಗುತ್ತದೆ. ಅಳೆದರೆ 30 ಲೀಟರಿನಷ್ಟು.

ಬಚ್ಚಲ ಬಾಗಿಲಿನ ಫರಸಿ ಬಿಳಿಚಿ ಒರಟಾಗುವುದು ಹೀಗೆ. ಅದಕ್ಕೆ ಸಾಬೂನಿನ ನೀರು, ತೆಂಗಿನ ನಾರು ಸಾಕು. ತಾಯಿ-ತಂದೆಯವರಲ್ಲಿ ಇನ್ನೊಂದು ಅರಿಕೆ: ಆ್ಯಸಿಡ್ಡನ್ನು ಬ್ಲೀಚಿಂಗ್ ಪೌಡರಿನೊಂದಿಗೆ ಎಂದಿಗೂ ಕೂಡಿಸಬೇಡಿರಿ. ಅದರಿಂದ ಏಳುವ ಕ್ಲೋರಿನ್ ಅನಿಲ ಮುಚ್ಚಿದ ಬಚ್ಚಲಿನಲ್ಲಿ ಉಸಿರನ್ನೇ ಕಟ್ಟಿಸುತ್ತದೆ.